ಎರಡನೇ ನಮಸ್ಕಾರ

ಮಗು ಎರಡು ಸಲ ನಮಸ್ಕಾರ ಮಾಡಿಬಿಟ್ಟಿತಲ್ಲ ಎಂಬ ಚಿಂತೆ ಹೇವೊನ್‌ಳನ್ನು ಬಿಡಲೇ ಇಲ್ಲ. ಟ್ರಾಮಿನಲ್ಲಿ ಕೂತರೆ ಅದೇ, ಪಾಠದ ನಡುವೆ ಬೋರ್ಡಿನ ಕಡೆ ತಿರುಗಿದರೆ ಅದೇ. ಹೊಟ್ಟೆಯಲ್ಲಿದ್ದ ಎರಡನೆಯ ಕೂಸು ಒದ್ದಾಗಲೂ ಮೊದಲು ನೆನಪಾಗುವುದು ಅದೇ.

ಬದುಕಿರುವ ಹಿರಿಯರಿಗೆ ಮಂಡಿಯೂರಿ, ಹಣೆ ಬಗ್ಗಿಸಿ ಒಂದೇ ಸಲ ನಮಸ್ಕರಿಸಬೇಕು. ಎರಡು ಸಲ ಸತ್ತವರಿಗೆ. ಕೊರಿಯಾದಲ್ಲಿ ಹುಟ್ಟಿದ ಮಗುವಿಗೆ ಇದನ್ನು ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ, ನೋಡಿ ನೋಡಿ ಬಂದುಬಿಡುತ್ತದೆ. ಆದರೆ ಹೇವೊನ್‌ಳ ಮಗಳು ಮಿನಾ ಹುಟ್ಟಿದ್ದು ಚೆಕ್ ದೇಶದ ಒಲೊಮೌತ್ಸ್ ಊರಿನಲ್ಲಿ. ಅವಳು ಇಂಥದ್ದನ್ನು ನೋಡಿದ್ದು ಒಂದೇ ಒಂದು ದಿನ, ಅದೂ ಅಮ್ಮನ ಕ್ಲಾಸಿನಲ್ಲಿ.

ಹೇವೊನ್ ಈ ಊರಿನ ವಿಶ್ವವಿದ್ಯಾಲಯಕ್ಕೆ ಕೊರಿಯನ್ ಕಲಿಸಲು ಬಂದಾಗ ಇನ್ನೂ ಮದುವೆಯಾಗಿರಲಿಲ್ಲ. ಎರಡು ವರ್ಷ ಇದ್ದು ಬರುತ್ತೇನೆ ಎಂದು ತೊಂಗ್ಯೊಂಗ್ ಬಂದರಿನಲ್ಲಿ ಒಣಮೀನು ಮಾರುವ ಅಮ್ಮನಿಗೆ ಹೇಳಿ ಹೊರಟವಳು. ಆಗ ಕ್ಲಾಸಿನಲ್ಲಿ ಬೆರಳೆಣಿಕೆಯ ಮಂದಿ, ಬೇರೆ ಯಾವ ವಿಭಾಗದಲ್ಲೂ ಸೀಟು ಸಿಗದವರು. ಈಗ ಬೆಂಚು ಸಾಲುವುದಿಲ್ಲ. ಹಾಡು ಕೇಳಿ, ಧಾರಾವಾಹಿ ನೋಡಿ, ಅರ್ಧ ಭಾಷೆ ಕಲಿತುಕೊಂಡೇ ಬರುತ್ತಾರೆ. ಅವಳು ಅಲ್ಲಿಯವನೇ ಆದ ವೊಯ್ತೆಖ್‌ನನ್ನು ಮದುವೆಯಾದಳು, ಮಿನಾ ಹುಟ್ಟಿದಳು, ಎರಡು ವರ್ಷ ಎಂದದ್ದು ಮರೆತೇಹೋಯಿತು. ಅಮ್ಮ ಮಾತ್ರ ಮರೆತಿರಲಿಲ್ಲ. "ನಿನ್ನ ಎರಡು ವರ್ಷ ಮುಗೀತೇನೇ?" ಎಂದು ಪ್ರತಿ ಭಾನುವಾರ ಫೋನಿನಲ್ಲಿ ಕೇಳಿ ನಗುತ್ತಿದ್ದಳು.

ಆ ಫೆಬ್ರುವರಿಯಲ್ಲಿ ಶಿಶುವಿಹಾರದಲ್ಲಿ ಸೀತಾಳೆ ಸಿಡುಬು ಹಬ್ಬಿ, ರಜೆ ಕೊಟ್ಟರು. ನಾಲ್ಕು ವರ್ಷದ ಮಿನಾಳನ್ನು ಬಿಡುವುದೆಲ್ಲಿ? ಹೇವೊನ್ ಕ್ಲಾಸಿಗೇ ಕರೆದುಕೊಂಡು ಹೋದಳು. ಅಂದಿನ ಪಾಠ, ಸತ್ತ ಹಿರಿಯರಿಗೆ ಎಡೆ ಇಡುವುದು. ಹುಡುಗರು ಮೇಜಿನ ಮೇಲೆ ಸೇಬು, ಪೇರು, ಒಣಮೀನು ಜೋಡಿಸಿದರು. ಅಕ್ಕಿಯ ಮದ್ಯ ಸಿಗದೆ, ಶ್ಟೆಪಾಂಕಾ ಎಂಬ ಹುಡುಗಿ ತನ್ನಜ್ಜ ಮನೆಯಲ್ಲೇ ಇಳಿಸಿದ ಪ್ಲಮ್ ಹಣ್ಣಿನ ಸಾರಾಯಿ ತಂದಿದ್ದಳು.

"ಮೇಡಂ, ನಿಮ್ಮ ಹಿರಿಯರಿಗೆ ಇದು ಹಿಡಿಸುತ್ತಾ?"

"ನಮ್ಮಪ್ಪನಿಗಾದರೆ ಬಾಟ್ಲೀನೇ ಇಟ್ಟುಬಿಡು. ಲೋಟ ಅಂದ್ರೆ ಬೇಜಾರು ಮಾಡ್ಕೋತಾರೆ."

ಎಲ್ಲರೂ ನಕ್ಕರು. ಆಮೇಲೆ ಸಾಲಾಗಿ ನಿಂತು ಎರಡೆರಡು ಸಲ ನಮಸ್ಕರಿಸಿದರು. ಮಿನಾ ಸಾಲಿನ ಕೊನೆಗೆ ನುಗ್ಗಿ ತಾನೂ ಎರಡು ಸಲ ಬಗ್ಗಿ ಎದ್ದಳು. ಕ್ಲಾಸಿಗೆ ಕ್ಲಾಸೇ ಚಪ್ಪಾಳೆ ತಟ್ಟಿತು. "ಇವಳಿಗೇ ಫಸ್ಟ್ ಕೊಡಿ ಮೇಡಂ!" ಎಂದಳು ಶ್ಟೆಪಾಂಕಾ. ಹೇವೊನ್ ಬೀಗಿದಳು. ಒಂದು ಸಲ ಯಾರಿಗೆ, ಎರಡು ಸಲ ಯಾರಿಗೆ ಎಂದು ಹುಡುಗರಿಗೆಲ್ಲ ವಿವರಿಸಿದ್ದಳು. ಮಗಳಿಗೆ ಹೇಳಬೇಕೆಂದು ಹೊಳೆಯಲೇ ಇಲ್ಲ.

ಮುಂದಿನ ವಾರವೇ ಕೊರಿಯನ್ನರ ಚಾಂದ್ರಮಾನ ಹೊಸವರ್ಷ, ಮಕ್ಕಳು ಹಿರಿಯರಿಗೆ ನಮಸ್ಕರಿಸುವ ದಿನ. ಸೋಫಾದ ಮೇಲೆ ಫೋನ್ ಒರಗಿಸಿದರು. ಪರದೆಯಲ್ಲಿ ಅಮ್ಮ, ಪಕ್ಕದಲ್ಲಿ ಅಣ್ಣ ತೆಗ್ಯು. ಅಜ್ಜಿ ಕಳಿಸಿದ್ದ ಬಣ್ಣದ ಲಂಗ ತೊಟ್ಟು ಮಿನಾ, "ಹಲ್ಮೊನಿ!" ಎಂದು ಅಜ್ಜಿಯನ್ನು ಕೂಗಿ, ಹಣೆ ನೆಲಕ್ಕೆ ತಾಗಿಸಿದಳು.

"ಅಯ್ಯೋ ನನ್ನ ಚಿನ್ನ!" ಅಜ್ಜಿ ಚಪ್ಪಾಳೆ ತಟ್ಟಿದಳು.

ಚಪ್ಪಾಳೆ ಕೇಳಿದ್ದೇ, ಮಿನಾ ಹುರುಪಿನಿಂದ ಇನ್ನೊಂದು ಸಲ ಬಗ್ಗಿದಳು.

ಅಜ್ಜಿಯ ಚಪ್ಪಾಳೆ ನಡುವೆಯೇ ನಿಂತಿತು. ಮೊದಲು ನಕ್ಕಿದ್ದು ಅಜ್ಜಿಯೇ. "ಏನೇ ಪುಟ್ಟಿ, ಇಷ್ಟು ಅವಸರಾನಾ? ನಿನ್ನ ತಮ್ಮನ ಮುಖ ನೋಡ್ಕೊಂಡು ಹೋಗ್ತೀನಿ, ತಾಳು."

ಅಣ್ಣ ನಗಲಿಲ್ಲ. "ಅಲ್ಲಿಯೋರಿಗೆಲ್ಲ ನಮ್ಮ ಸಂಪ್ರದಾಯ ಕಲಿಸ್ತೀಯಂತಲ್ಲ ಪ್ರೊಫೆಸರಮ್ಮ. ಮನೇಲಿರೋ ಒಂದು ಮಗೂಗೆ ಕಲಿಸೋಕಾಗ್ಲಿಲ್ವಾ?"

ಆ ಮಾತಿನ ಉರಿಯನ್ನು ಹೇವೊನ್ ಮಗುವಿನ ಮೇಲೆ ಕಾರಿದಳು. ತೋಳು ಹಿಡಿದು ಅಲುಗಾಡಿಸಿ, "ಹಲ್ಮೊನಿಗೆ ಒಂದೇ! ಒಂದೇ ಒಂದು! ತಿಳೀತಾ?" ಎಂದು ಕಿರುಚಿದಳು. ಮಿನಾ ಊಟದ ಮೇಜಿನ ಕೆಳಗೆ ಸೇರಿಕೊಂಡವಳು ಮಧ್ಯಾಹ್ನದವರೆಗೂ ಈಚೆ ಬರಲಿಲ್ಲ.

ಬಂದ ಮೇಲೆ ಕೊರಿಯನ್ ಮಾತಾಡಲಿಲ್ಲ. ಅಮ್ಮ ಕೊರಿಯನ್ನಿನಲ್ಲಿ ಕೇಳಿದ್ದಕ್ಕೆ ಮಗಳದು ಚೆಕ್ ಉತ್ತರ. ಹಲ್ಮೊನಿ ಎಂಬ ಪದವೂ ಹೋಗಿ, ಚೆಕ್ ಮಕ್ಕಳು ಕರೆಯುವಂತೆ "ಬಾಬಿಚ್ಕಾ" ಆಯಿತು. ಊರವರ ಮಕ್ಕಳ ಬಾಯಿ ತುಂಬ ತನ್ನ ಭಾಷೆ, ತನ್ನ ಮಗುವಿನ ಬಾಯಲ್ಲಿ ಒಂದಕ್ಷರ ಇಲ್ಲ. ಹೇವೊನ್ ಮುದ್ದು ಮಾಡಿ ನೋಡಿದಳು, ಗೊಂಬೆ ಆಡಿಸಿ ನೋಡಿದಳು, ಕ್ಷಮೆಯನ್ನೂ ಕೇಳಿದಳು. ಊಹೂಂ.

ಭಾನುವಾರ ಬಂದರೆ ಫೋನ್ ಮಾಡಲು ಕೈ ಬರುತ್ತಿರಲಿಲ್ಲ. ಮಗೂನ ಕೊಡು ಎಂದು ಅಮ್ಮ ಕೇಳುತ್ತಾಳೆ. ಏನೆಂದು ಕೊಡುವುದು? ಒಂದು ಸಲ ಹಲ್ಮೊನಿ ಅನ್ನಲಿ, ಆಮೇಲೆ ಮಾಡಿದರಾಯಿತು ಎಂದುಕೊಂಡಳು. ಅಮ್ಮನೇ ಮಾಡಿದಾಗ "ಕ್ಲಾಸಲ್ಲಿದೀನಿ" ಎಂದು ಮೆಸೇಜ್ ಹಾಕಿದಳು, ಭಾನುವಾರವೂ.

"ಅಮ್ಮನಿಗೆ ಒಂದು ಫೋನ್ ಮಾಡೋಕೆ ನೀನು ಪರೀಕ್ಷೆಗೆ ಓದೋ ಹಾಗೆ ಓದ್ತಿದೀಯ," ಎಂದ ವೊಯ್ತೆಖ್.

ಮಾರ್ಚ್ ತಿಂಗಳಲ್ಲಿ ಅಮ್ಮನಿಂದ ಒಂದು ಪಾರ್ಸೆಲ್ ಬಂತು, ಬಾಗಿಲಲ್ಲಿ ಅಡ್ಡ ಹಿಡಿದರೆ ಒಳಗೆ ತರಲಾಗದಷ್ಟು ಉದ್ದದ್ದು. ಒಳಗೆ ಒಣಗಿಸಿದ ಕಡಲಪಾಚಿ. ಬಾಣಂತಿಗೆ ಅದರ ಸಾರೇ ಆಗಬೇಕು. ಹೆರಿಗೆ ಸಲೀಸಾಗಲಿ ಎಂದು ಅದನ್ನು ಮಡಿಸುವುದಿಲ್ಲ, ಮುರಿಯುವುದಿಲ್ಲ. ಪೆಟ್ಟಿಗೆ ತುಂಬ ತೊಂಗ್ಯೊಂಗ್ ಕಡಲಿನ ವಾಸನೆ. "ಬಂತು" ಎಂದು ಮೆಸೇಜ್ ಹಾಕಿದಳು. "ಮುರಿದಿಲ್ಲ ತಾನೆ?" ಎಂದು ಅಮ್ಮನ ಮರುಮಾತು. ಈ ಭಾನುವಾರ ಮಾಡಿಯೇಬಿಡುತ್ತೇನೆ, ಮಗು ಮಾತಾಡಲಿ ಬಿಡಲಿ, ಎಂದು ಹೇವೊನ್ ನಿಶ್ಚಯ ಮಾಡಿಕೊಂಡಳು.

ಗುರುವಾರವೇ ಅಣ್ಣನ ಫೋನ್ ಬಂತು. ಅಮ್ಮ ಮಾರುಕಟ್ಟೆಯಲ್ಲಿ ಮೀನಿನ ಬುಟ್ಟಿ ಎತ್ತಲು ಬಗ್ಗಿದವಳು ಹಾಗೇ ಕುಸಿದಳಂತೆ. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ತುಂಬಿದ ಬಸುರಿಯನ್ನು ವಿಮಾನಕ್ಕೆ ಹತ್ತಿಸುವಂತಿಲ್ಲ ಎಂದರು ಡಾಕ್ಟರು. ಅಣ್ಣನೂ ಬೇಡವೆಂದ. "ಬಸುರಿ ಸಾವಿನ ಮನೆಗೆ ಕಾಲಿಡಬಾರದು ಅಂತ ಅಮ್ಮನೇ ಹೇಳ್ತಿದ್ಲು. ಅಲ್ಲೇ ಇರು." ದನಿಯಲ್ಲಿ ಕೋಪವಿರಲಿಲ್ಲ. ಬೈದಿದ್ದರೇ ವಾಸಿಯಿತ್ತು ಅನಿಸಿತು ಅವಳಿಗೆ. ಎರಡು ಸಲ ಬಗ್ಗಿದರೆ ಯಾರೂ ಸಾಯುವುದಿಲ್ಲ, ಅದು ಗೊತ್ತು. ಆದರೆ ಕ್ಲಾಸಲ್ಲಿದೀನಿ ಎಂದು ಸುಳ್ಳು ಹೇಳಿದ ಭಾನುವಾರಗಳಿಗೆ ಏನು ಸಮಾಧಾನ ಹೇಳಿಕೊಳ್ಳುವುದು?

ಮಾರನೆಯ ಬೆಳಿಗ್ಗೆ ಸುದ್ದಿ ತಿಳಿದು ಶ್ಟೆಪಾಂಕಾ ಕಪ್ಪು ಬಟ್ಟೆಯಲ್ಲಿ, ಬಿಳಿ ಸೇವಂತಿಗೆ ಹಿಡಿದು ಬಂದಳು. ಬಾಗಿಲಲ್ಲೇ ನಿಂತು, ಕ್ಲಾಸಿನಲ್ಲಿ ಮಾತಾಡುವ ಆ ಎಚ್ಚರದ ಕೊರಿಯನ್ನಿನಲ್ಲಿ ಹೇಳಿದಳು: "ಮೇಡಂ, ದೂರ ಇರೋರು ಊರಿನ ದಿಕ್ಕು ನೋಡಿ ನಮಸ್ಕಾರ ಮಾಡ್ತಾರೆ ಅಂತ ನೀವೇ ಹೇಳಿದ್ರಿ. ಈಗ ಫೋನಲ್ಲಿ ನೋಡಿಕೊಂಡೇ ಮಾಡಬಹುದಲ್ಲ. ಫೋನ್ ಮಾಡಿ ಮೇಡಂ. ಮಾಡದೆ ಇರಬೇಡಿ."

ಹೇವೊನ್ ಅದೇ ಸೋಫಾದ ಮೇಲೆ ಫೋನ್ ಒರಗಿಸಿ, ಕೊನೆಗೂ ಫೋನ್ ಮಾಡಿದಳು.

ಅಣ್ಣನ ಮುಖ ಬಂತು, ಗಡ್ಡ ಬೆಳೆದು, ಕಣ್ಣು ಊದಿ.

"ಅಣ್ಣಾ, ಅಮ್ಮನ ಕಡೆ ತಿರುಗಿಸು."

ಪರದೆ ತುಂಬ ಬಿಳಿ ಹೂವು, ನಡುವೆ ಅಮ್ಮನ ಫೋಟೊ. ಶ್ಟೆಪಾಂಕಾ ತೋಳು ಕೊಟ್ಟಳು. ಹೇವೊನ್ ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಮಂಡಿಯೂರಿ, ಬಗ್ಗಿ, ಎದ್ದಳು. ಪಕ್ಕದಲ್ಲಿ ಮಿನಾ ಕೂಡ ಒಂದು ಸಲ ಬಗ್ಗಿ ಎದ್ದು, ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನೆಟ್ಟಗೆ ನಿಂತಳು.

"ಇನ್ನೊಂದು ಸಲ, ಕಂದ."

ಮಿನಾ ತಲೆಯಲ್ಲಾಡಿಸಿದಳು. ಆಮೇಲೆ ಕೊರಿಯನ್ನಿನಲ್ಲಿ ಹೇಳಿದಳು:

"ಹಲ್ಮೊನಿಗೆ ಒಂದೇ. ಒಂದೇ ಒಂದು."

ಫೋನಿನಲ್ಲಿ ಅಣ್ಣ ಮೂಗು ಒರೆಸಿಕೊಳ್ಳುವ ಸದ್ದು.

"ಬಲವಂತ ಮಾಡಬೇಡ," ಎಂದ ಅವನು. "ಅವಳದು ಒಂದೇ ಇರಲಿ."

ಎರಡನೆಯದನ್ನು ಹೇವೊನ್ ಒಬ್ಬಳೇ ಮಾಡಿದಳು.