ಕಬ್ಬಿಣ ಕೊಯ್ಯುವ ಗಾಳಿ

ಮೊನ್ನೆ ಸ್ಕೂಟರಿಗೆ ಗಾಳಿ ಹಾಕಿಸಲು ನಿಂತಿದ್ದೆ. ಪಂಕ್ಚರ್ ಅಂಗಡಿಯವನ ಕೈಯಿಂದ ಪೈಪು ಜಾರಿ ನನ್ನ ಮುಖಕ್ಕೇ ಬುಸ್ಸೆಂದಿತು. ಹಳೇ ರಬ್ಬರಿನ ವಾಸನೆ, ಅದರ ಜೊತೆ ಒಂದಿಷ್ಟು ಎಣ್ಣೆಜಿಡ್ಡು. ಇಂಥ ವಾಸನೆಗೆ ನಿಮಗೆ ಏನು ನೆನಪಾಗುತ್ತದೋ ಕಾಣೆ. ನನಗೆ ಆಂಧ್ರದ ಗಡಿಯ ಆದೋನಿಯ ಒಂದು ಬಾವಿ ನೆನಪಾಯಿತು. ಜೊತೆಗೆ ನಾನು ಮಹಾ ವಿಜ್ಞಾನಿಯಾಗಿ ಮೆರೆದ ಹದಿನೈದು ದಿನಗಳೂ ನೆನಪಾದವು.

ಎಪ್ಪತ್ತರ ದಶಕದ ಕೊನೆ. ನಾನು ಅಲ್ಲಿನ ಹೈಸ್ಕೂಲಿಗೆ ಹೊಸದಾಗಿ ಬಂದ ಸೈನ್ಸ್ ಮೇಷ್ಟ್ರು. ವಯಸ್ಸು ಇಪ್ಪತ್ತೈದು, ಪ್ಯಾಂಟಿನ ಬುಡ ಆಗಿನ ಫ್ಯಾಷನ್ನಿನಂತೆ ರಸ್ತೆ ಗುಡಿಸುವಷ್ಟು ಅಗಲ. ಸೈನ್ಸ್ ಮೇಷ್ಟ್ರು ಅಂದರೆ ಆ ಊರಿನವರ ಲೆಕ್ಕದಲ್ಲಿ ಎಲ್ಲಕ್ಕೂ ಮೇಷ್ಟ್ರು. ರೇಡಿಯೋ ಗೊರಗುಟ್ಟಿದರೂ ಕರೆಯುವರು, ಎಮ್ಮೆ ಮೇವು ಬಿಟ್ಟರೂ ಕರೆಯುವರು. ನಾನೂ ಇಲ್ಲವೆನ್ನದೆ ಹೋಗಿ, ಎಮ್ಮೆಯ ಮುಂದೆ ಗಂಭೀರವಾಗಿ ನಿಂತು ತಲೆಯಾಡಿಸಿ ಬರುತ್ತಿದ್ದೆ.

ಹಾಗೆಯೇ ಒಂದು ದಿನ ಹತ್ತಿ ಮಿಲ್ಲಿನ ಶಿವಶರಣಪ್ಪ ಸಾವುಕಾರರು ಹೇಳಿಕಳಿಸಿದರು. ಬೆಂಕಿ ಬಿದ್ದರೆ ನೀರು ಹೊಡೆಯುವ ಫೈರ್ ಪಂಪು ಅವರ ಮಿಲ್ಲಿನಲ್ಲಿ ಒಂದಿತ್ತು. ಎರಡು ಗಾಲಿಯ ಗಾಡಿಯ ಮೇಲೆ ಕೂತ ಎಂಜಿನ್ನು ಅದು. ತೊಳೆಯಲೆಂದು ಬಾವಿಯ ಹತ್ತಿರ ನಿಲ್ಲಿಸಿದಾಗ ಉರುಳಿ, ಬಾವಿಗೇ ಬಿದ್ದುಬಿಟ್ಟಿತ್ತು. ಅಂಗಳದಲ್ಲಿ ಹೊಸ ಹತ್ತಿ ಮನೆಯೆತ್ತರ ಬೀಳುವ ಕಾಲ. ಹಿಂದಿನ ವರ್ಷವಷ್ಟೇ ಒಂದು ರಾಶಿ ಕಣ್ಣೆದುರಿಗೆ ಉರಿದುಹೋಗಿತ್ತು. ಸಾವುಕಾರರು ಯಾರಾದರೂ ಬೀಡಿ ಹಚ್ಚಿದರೆ ಬೆಚ್ಚಿಬೀಳುತ್ತಿದ್ದರು.

"ಹುಸೇನಪ್ಪ ಮುಳುಗಿ ನೋಡ್ಯಾನ್ರಿ ಮೇಷ್ಟ್ರೇ" ಅಂದರು. "ಪಂಪು ತಳದಾಗಿನ ಅಡ್ಡ ಸುರಂಗದೊಳಗ ಉರುಳಿ ಹೋಗಿ ಸಿಕ್ಕೊಂಡೈತಿ."

ನಮ್ಮ ಕಡೆಯ ಹಳೇ ಬಾವಿಗಳನ್ನು ನೀವು ನೋಡಿರಬಹುದು. ನೀರಿನ ಊಟೆ ಸಿಗಲೆಂದು ತಳದಲ್ಲಿ ಅಡ್ಡಕ್ಕೆ ಗವಿಯಂತೆ ಕೊರೆದಿರುತ್ತಾರೆ. ಈ ಬಾವಿಯಲ್ಲಿ ನೀರೇ ನಲವತ್ತೈದು ಅಡಿ ಇತ್ತು. ಕೋಸಗಿಯ ಹುಸೇನಪ್ಪ ಬಾವಿಗೆ ಬಿದ್ದ ಕೊಡ, ಹಗ್ಗ, ಒಮ್ಮೊಮ್ಮೆ ಹೋತ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಎತ್ತುವವನು. ಉಸಿರು ಬಿಗಿಹಿಡಿಯುವುದೇ ಅವನ ಬಾಳಿನ ಹೆಮ್ಮೆ. ಆದರೆ ಸುರಂಗದೊಳಗೆ ಎರಡಾಳು ದೂರ ತೂರಿ, ಪಂಪಿಗೆ ಸರಪಳಿ ಬಿಗಿದು ಬರಲು ಒಂದು ಉಸಿರು ಸಾಲುತ್ತಿರಲಿಲ್ಲ.

"ಗಾಳಿ ಕೆಳಗೇ ಒಯ್ಯಬೇಕು" ಅಂದೆ ನಾನು. "ಸಿಲಿಂಡರಿನಲ್ಲಿ."

ಅಷ್ಟು ಹೇಳಿದ್ದೇ ತಪ್ಪಾಯಿತು. ಮರುದಿನವೇ ಮಿಲ್ಲಿನ ಅಂಗಳದಲ್ಲಿ ಸಿಲಿಂಡರುಗಳ ವಧುಪರೀಕ್ಷೆ ಶುರುವಾಯಿತು. ಮೊದಲು ಬಂದದ್ದು ಸೋಡಾ ಫ್ಯಾಕ್ಟರಿಯದು. ಚಿಕ್ಕದು, ಬೆನ್ನಿಗೆ ಕಟ್ಟಲು ಹೇಳಿ ಮಾಡಿಸಿದಂತಿತ್ತು. "ಇದು ಜೀರ್ಣಕ್ಕೂ ಛಲೋ" ಅಂದರು ಸಾವುಕಾರರು. ಅದರೊಳಗಿನ ಗಾಳಿ ಕುಡಿದರೆ ಹುಸೇನಪ್ಪ ಮೇಲೆ ಬರುವುದಿಲ್ಲವೆಂದು ಹೇಳಿ ಅದನ್ನು ವಾಪಸು ಕಳಿಸಿದೆ. ಆಮೇಲೆ ವೆಲ್ಡಿಂಗ್ ಅಂಗಡಿಯ ಖಾದರ್ ಭಾಯ್ ತನ್ನ ಆಕ್ಸಿಜನ್ ಸಿಲಿಂಡರನ್ನು ಇಬ್ಬರಿಂದ ಉರುಳಿಸಿಕೊಂಡು ಬಂದರು. ಆಳೆತ್ತರ, ಕರಿ ಬಣ್ಣ, ಬಡಿದರೆ ಗುಡಿಯ ಗಂಟೆಯ ದನಿ. ನನಗೆ ನೋಡಿದ ಕೂಡಲೇ ಮನಸ್ಸಿಗೆ ಬಂತು. ಆಕ್ಸಿಜನ್ ಎಂದರೆ ಪ್ರಾಣವಾಯು. ಮಾಮೂಲಿ ಗಾಳಿಯಲ್ಲಿ ಐದರಲ್ಲಿ ಒಂದು ಪಾಲು ಮಾತ್ರ ಇರುವುದು, ಇಲ್ಲಿ ಪೂರ್ತಿ ಅದೇ. ಐದು ಪಟ್ಟು ಪ್ರಾಣ ಎಂದು ಕೈಬೆರಳು ಎತ್ತಿ ತೋರಿಸಿ ಭಾಷಣ ಮಾಡಿದೆ. ಸಾವುಕಾರರು ಸಿಲಿಂಡರಿಗೆ ಕೈಮುಗಿಯುವುದೊಂದು ಬಾಕಿ.

ಆಗ ಬೇವಿನ ಗಿಡದ ಕೆಳಗೆ ಕೂತಿದ್ದ ಹುಸೇನಪ್ಪನ ಹೆಂಡತಿ ಈರಮ್ಮ ಎದ್ದು ಬಂದಳು.

"ಖಾದರ್ ಭಾಯ್, ಕಬ್ಬಿಣದ ತೊಲಿ ಕೊಯ್ತೀರಲ್ರಿ, ಅದು ಇದೇ ಗಾಳೀನ?"

"ಹೌದವ್ವ, ಇದೇ."

ಆಕೆ ನನ್ನ ಕಡೆ ತಿರುಗಿದಳು. "ಕಬ್ಬಿಣ ಕೊಯ್ಯೋ ಗಾಳೀನ ಇವ್ರ ಎದಿಯೊಳಗ ಹಾಕ್ತೀರೇನ್ರಿ ಸಾರ್?"

ಎಲ್ಲರೂ ನಕ್ಕರು, ನಾನು ಎಲ್ಲರಿಗಿಂತ ಹೆಚ್ಚು ನಕ್ಕೆ. ಕೊಯ್ಯುವುದು ಬೆಂಕಿಯ ಜೊತೆ ಸೇರಿದಾಗ ಮಾತ್ರ ಎಂದು ತಿಳಿಸಿ ಹೇಳಿದೆ. ಆಕೆ ಪೂರ್ತಿ ಕೇಳಿದಳು. ಕೇಳಿ, "ಆತ್ರಿ. ಆದ್ರ ಇದು ಬ್ಯಾಡ" ಅಂದಳು. ಹುಸೇನಪ್ಪ ಒಮ್ಮೆ ನನ್ನ ಮುಖ, ಒಮ್ಮೆ ಹೆಂಡತಿಯ ಮುಖ ನೋಡಿ, "ಆಕಿ ಬ್ಯಾಡ ಅಂದ್ಮ್ಯಾಲೆ ಕುದರದು ಸಾರ್" ಎಂದು ತೆಲುಗು ಬೆರೆಸಿ, ಆಗದೆಂಬ ತೀರ್ಪು ಕೊಟ್ಟ. ನನಗೆ ಸಿಟ್ಟು ಬಂತು. ಅಜ್ಞಾನದ ಎದುರು ವಿಜ್ಞಾನ ಸೋತ ಬಗ್ಗೆ ಅವತ್ತು ಸಂಜೆ ಸ್ಟಾಫ್ ರೂಮಿನಲ್ಲಿ ಸಾಕಷ್ಟು ಮಾತಾಡಿದೆ.

ಕೊನೆಗೆ ಉಳಿದದ್ದು ಲಾರಿ ಬ್ರೇಕಿನ ಗಾಳಿ ಟ್ಯಾಂಕು. ಅದಕ್ಕೆ ಟೈರಿಗೆ ಹಾಕುವ ಸಾದಾ ಗಾಳಿ ತುಂಬಿ, ಬಾಯಿಗೆ ರಬ್ಬರ್ ಪೈಪು, ಪೈಪಿಗೊಂದು ತಿರುಗಿಸುವ ನಲ್ಲಿ. ಬಾವಿಗಿಳಿಸಿದರೆ ಅದು ಮುಳುಗಲೇ ಇಲ್ಲ. ಹುಸೇನಪ್ಪ ಎಮ್ಮೆಯ ಮೇಲೆ ಕೂತಂತೆ ಅದರ ಮೇಲೆ ಕೂತು ನೀರಿನ ತುಂಬ ತಿರುಗಿ ಬಂದ. ಮಿಲ್ಲಿನವರೆಲ್ಲ ಕೆಲಸ ಬಿಟ್ಟು ನೋಡಿದರು. ಆಮೇಲೆ ಒಂದು ಬೀಸುಕಲ್ಲು ಕಟ್ಟಿ ಮುಳುಗಿಸಿದೆವು.

ನಾನು ಲೆಕ್ಕ ಹಾಕಿದೆ. ಆ ಆಳದಲ್ಲಿ ಒಂದು ಟ್ಯಾಂಕು ಎಂಟು ನಿಮಿಷ ಬರುತ್ತದೆ. ಕೆಲಸಕ್ಕೆ ಬೇಕಾದದ್ದು ಆರು. ಎರಡು ನಿಮಿಷ ಮಿಕ್ಕೇ ಮಿಗುತ್ತದೆ, ಒಂದು ಟ್ಯಾಂಕು ಸಾಕು. ಈರಮ್ಮ ಮತ್ತೆ ಎದ್ದು ಬಂದಳು.

"ಸಾರ್, ನಾವು ಊರು ಬಿಟ್ಟು ಕೂಲಿಗೆ ಹೊಂಟಾಗ ರೊಟ್ಟಿ ಕಟ್ಟತೀವಿ. ಹೋಗಾಕ ಒಂದು ಗಂಟು, ಬರಾಕ ಒಂದು ಗಂಟು, ರೈಲು ತಡ ಆದ್ರ ಒಂದು ಗಂಟು. ಎಷ್ಟ ಹಸಿವಾಗ್ಲಿ, ಹೋಗೋವಾಗ ಬರೋ ಗಂಟು ಬಿಚ್ಚಂಗಿಲ್ಲ."

"ಇದು ರೊಟ್ಟಿ ಅಲ್ಲಮ್ಮ, ಗಾಳಿ."

"ರೊಟ್ಟಿ ಇಲ್ದ ಎಂಟು ದಿನ ಇರ್ತೀವಿ. ಗಾಳಿ ಇಲ್ದ?"

ಮೂರು ಟ್ಯಾಂಕು ಬಂದವು. ಎರಡನ್ನು ಸುರಂಗದ ಬಾಯಲ್ಲಿ, ಒಂದನ್ನು ನಡುನೀರಿನಲ್ಲಿ ಹಗ್ಗಕ್ಕೆ ತೂಗುಬಿಡುವುದೆಂದಾಯಿತು.

ನನ್ನ ಪಾಲಿನ ವಿದ್ಯೆ ಒಂದೇ ಒಂದು ಕೆಲಸಕ್ಕೆ ಬಂತೆಂದು ಹೇಳಬೇಕು, ಇಲ್ಲದಿದ್ದರೆ ನನಗೂ ಅನ್ಯಾಯವಾದೀತು. ಆಳದಲ್ಲಿ ಒತ್ತಿಕೊಂಡ ಗಾಳಿ ಮೇಲೇರುವಾಗ ಉಬ್ಬುತ್ತದೆ, ಬಾಯಿ ಮುಚ್ಚಿಕೊಂಡು ಬಂದರೆ ಎದೆ ಹರಿಯುತ್ತದೆ. ಇದನ್ನು ವಿವರಿಸಲು ಮಿಲ್ಲಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಶ್ವಾಸಕೋಶ ಬರೆದೆ. "ಬದನೆಕಾಯೇನ್ರಿ?" ಎಂದು ಹುಸೇನಪ್ಪ ಕೇಳಿದ. ಉಸಿರು ಬಿಡುತ್ತಾ ಬರಬೇಕೆಂಬುದು ಅವನಿಗೆ ಅರ್ಥವಾಯಿತು, ಆದರೆ ಬಾಯಿ ಒಪ್ಪಲಿಲ್ಲ. ಮಿಲ್ಲಿನ ತೊಟ್ಟಿಯಲ್ಲಿ ಹತ್ತು ಸಲ ಮುಳುಗಿಸಿದರೆ ಹತ್ತು ಸಲವೂ ತುಟಿ ಬಿಗಿದುಕೊಂಡೇ ಎದ್ದ. ಮೂವತ್ತು ವರ್ಷದ ಹೆಮ್ಮೆ, ಹೇಗೆ ಬಿಟ್ಟಾನು? ಕೊನೆಗೆ ಈರಮ್ಮ, "ಹೊಲದಾಗ ನನ್ನ ಕೂಗ್ತೀರಲ್ಲ, ಹಂಗ ಕೂಗ್ಕೋತ ಬರ್ರಿ" ಅಂದಳು. ಹನ್ನೊಂದನೆಯ ಸಲ ಅವನು "ಊ…" ಎನ್ನುತ್ತಾ, ಗುಳ್ಳೆ ಬಿಡುತ್ತಾ ಎದ್ದ.

ಇಳಿಯುವ ದಿನ ಬಾವಿಯ ಸುತ್ತ ಜನ. ಹುಸೇನಪ್ಪ ಮೂಗಿಗೆ ಬಟ್ಟೆಯ ಕ್ಲಿಪ್ಪು ಹಾಕಿಕೊಂಡು, ಸರಪಳಿ ಹಿಡಿದು ಮುಳುಗಿದ. ಗುಳ್ಳೆಗಳು ಲೆಕ್ಕದ ಪ್ರಕಾರ ಬರುತ್ತಿದ್ದವು. ನಾನು ಗಡಿಯಾರ ನೋಡುತ್ತಾ ನಿಮಿಷ ಕೂಗುತ್ತಿದ್ದೆ. ಮೂರು ಅನ್ನುವಷ್ಟರಲ್ಲಿ ಬಾವಿ ಕುದಿಯತೊಡಗಿತು. ನೀರಿನ ಮೇಲೆಲ್ಲ ಬುರುಗು, ಕೆಂಪು ರಾಡಿ. ಕೆಳಗೆ ಪೈಪು ಮೊದಲ ಟ್ಯಾಂಕಿನಿಂದ ಕಳಚಿಕೊಂಡಿತ್ತು. ನನ್ನ ಎಂಟು ನಿಮಿಷದ ಗಾಳಿಯಲ್ಲಿ ಉಳಿದದ್ದೆಲ್ಲ ಅರ್ಧ ನಿಮಿಷದಲ್ಲಿ ಮೇಲೆ ಬಂದು ಒಡೆದುಹೋಯಿತು. ಆಮೇಲೆ ಏನೂ ಇಲ್ಲ. ನೀರು ಸುಮ್ಮನಾಯಿತು.

ಆ ಜೋಡಣೆಯನ್ನು ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದವನು ನಾನೇ. ಖಾದರ್ ಭಾಯ್ ಬಿಗಿಯುತ್ತೇನೆಂದರೂ ಕೊಟ್ಟಿರಲಿಲ್ಲ. ಸಾವುಕಾರರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು. "ಪಂಪು ಹಾಳಾಗಿ ಹೋಗ್ಲಿ, ಅಂವ ಬಂದ್ರ ಸಾಕು" ಅಂದರು. ನನ್ನ ಕಾಲು ನಡುಗುತ್ತಿದ್ದವು. ಅಗಲವಾದ ಪ್ಯಾಂಟಿನೊಳಗೆ ಅದು ಯಾರಿಗೂ ಕಾಣಲಿಲ್ಲ.

ಈರಮ್ಮ ನೀರನ್ನು ನೋಡುತ್ತಿರಲಿಲ್ಲ. ಎರಡನೇ ಟ್ಯಾಂಕಿನ ಹಗ್ಗ ನೋಡುತ್ತಿದ್ದಳು. ಎಷ್ಟು ಹೊತ್ತೋ, ನನ್ನ ಕೈಯಲ್ಲಿ ಗಡಿಯಾರವಿದ್ದರೂ ನಾನು ನೋಡಲಿಲ್ಲ. ಹಗ್ಗ ಒಂದು ಸಲ ಕದಲಿತು. "ಬರೋ ಗಂಟು ಬಿಚ್ಯಾರ" ಅಂದಳು. ಗುಳ್ಳೆಗಳು ಮತ್ತೆ ಬಂದವು. ಸ್ವಲ್ಪ ಹೊತ್ತಿಗೆ ನಡುನೀರಿನ ಹಗ್ಗವೂ ಅಲ್ಲಾಡಿತು. ಆಮೇಲೆ ನೀರಿನಡಿಯಿಂದ "ಊ…" ಎಂಬ ದನಿ ಕೇಳಿಸಿ, ಹುಸೇನಪ್ಪನ ತಲೆ ಮೇಲೆ ಬಂತು. ಮೆಟ್ಟಿಲು ಹಿಡಿದು ಕೆಮ್ಮಿ, ಕ್ಲಿಪ್ಪು ತೆಗೆದು, ಮೊದಲು ನನ್ನನ್ನೇ ಹುಡುಕಿದ.

"ಸಾರ್, ನಿಮ್ಮ ಪೈಪು ಲೂಸ್ ಐತಿ."

ಸರಪಳಿ ಸರಿಯಾಗಿಯೇ ಬಿಗಿದು ಬಂದಿದ್ದ. ಪಂಪು ಮೇಲೆ ಬಂತು. ಮೇಸ್ತ್ರಿಗಳು ಬಿಚ್ಚಿ ತೊಳೆದು, ನಾಲ್ಕು ದಿನಕ್ಕೆ ಅದರಿಂದ ನೀರು ಚಿಮ್ಮಿಸಿದರು. ಸಾವುಕಾರರು ಹುಸೇನಪ್ಪನಿಗೆ ಒಂದು, ನನಗೆ ಒಂದು ಮಾಲೆ ಹಾಕಿದರು. ನನ್ನದು ದೊಡ್ಡದು. ಅದನ್ನು ತೆಗೆದು ಈರಮ್ಮನ ಕೈಗೆ ಕೊಡಬೇಕೆಂದು ಮನಸ್ಸಿಗೆ ಹೊಳೆಯಿತು. ಕೊಡಲಿಲ್ಲ. ಮನೆಗೆ ತಂದು ಮೊಳೆಗೆ ನೇತುಹಾಕಿದೆ.

ಏಳೆಂಟು ವರ್ಷದ ಮೇಲೆ, ಕರ್ನೂಲಿನ ಲೈಬ್ರರಿಯಲ್ಲಿ ಸಮುದ್ರದಲ್ಲಿ ಮುಳುಗುವವರ ಬಗ್ಗೆ ಒಂದು ಪುಸ್ತಕ ಕೈಗೆ ಸಿಕ್ಕಿತು. ಶುದ್ಧ ಆಕ್ಸಿಜನ್ ಇಪ್ಪತ್ತು ಅಡಿಗಿಂತ ಆಳಕ್ಕೆ ಹೋದರೆ ವಿಷದಂತೆ ಕೆಲಸ ಮಾಡುತ್ತದೆ, ಮುಳುಗಿದವನಿಗೆ ನೀರಿನಲ್ಲೇ ಫಿಟ್ಸ್ ಬರಬಹುದು ಎಂದಿತ್ತು. ನಮ್ಮದು ನಲವತ್ತೈದು. ಆ ಪುಟವನ್ನು ಮೂರು ಸಲ ಓದಿದೆ.

ಭಾನುವಾರ ರೈಲು ಹತ್ತಿ ಕೋಸಗಿಗೆ ಹೋದೆ. ಅವರು ಊರಲ್ಲೇ ಇದ್ದರು. ಹುಸೇನಪ್ಪ ಹಗ್ಗ ಹೊಸೆಯುತ್ತಿದ್ದ. ನಾನು ಇಬ್ಬರ ಮುಂದೂ ಕೂತು, ತಡವರಿಸುತ್ತಾ ಎಲ್ಲ ಹೇಳಿದೆ. ಅವತ್ತು ನನ್ನ ಮಾತು ನಡೆದಿದ್ದರೆ ಹುಸೇನಪ್ಪ ಮೇಲೆ ಬರುತ್ತಿರಲಿಲ್ಲ ಎಂದೂ ಹೇಳಿದೆ. ಹುಸೇನಪ್ಪನ ಕೈ ಹಗ್ಗದ ಮೇಲೆ ನಿಂತುಬಿಟ್ಟಿತು. ಈರಮ್ಮ ಚಹಾದ ಲೋಟ ನನ್ನ ಮುಂದಿಟ್ಟಳು.

"ನಿನಗ ಹೆಂಗ ಗೊತ್ತಾತು ಈರಮ್ಮ?"

"ನನಗೇನೂ ಗೊತ್ತಿರಲಿಲ್ಲ ಸಾರ್" ಅಂದಳು. "ನೀವು ಭಾಳ ಖುಷಿಯಾಗಿದ್ರಿ. ಇಳಿಯೋರು ಇವ್ರು, ಖುಷಿ ನಿಮಗ. ಅದಕ್ಕ ಅಂಜಿಕಿ ಬಂತು."

ಇದೆಲ್ಲ ಆಗಿ ನಲವತ್ತು ವರ್ಷ ಹತ್ತಿರವಾಯಿತು. ಈಗಲೂ ಅವರಿವರು ಸಲಹೆ ಕೇಳಲು ಬರುತ್ತಾರೆ. ಮನೆಯ ಮೇಲೆ ಮಹಡಿ ಕಟ್ಟಿಸಲೋ, ಮಗಳಿಗೆ ಯಾವ ಕಾಲೇಜೋ ಎಂದು. ಬಾಯಿತುದಿಗೆ ಉತ್ತರ ಬಂದೇ ಇರುತ್ತದೆ, ಒಳಗೊಂದು ಹುರುಪೂ ಎದ್ದಿರುತ್ತದೆ. ಆ ಹುರುಪು ಇಳಿಯುವವರೆಗೆ ನಾನು ಬಾಯಿ ಬಿಡುವುದಿಲ್ಲ. ಕಾಯುವಷ್ಟು ಹೊತ್ತು ಏನಾದರೂ ಮಾಡಬೇಕಲ್ಲ, ಅಡಿಗೆಮನೆಗೆ ಹೋಗಿ ಬಂದವರಿಗೆ ಚಹಾಕ್ಕೆ ಇಡುತ್ತೇನೆ. ಎಷ್ಟೋ ಸಲ ಚಹಾ ಕುದಿಯುವಷ್ಟರಲ್ಲಿ ಅವರೇ ಒಂದು ತೀರ್ಮಾನಕ್ಕೆ ಬಂದಿರುತ್ತಾರೆ.