ಹದಿನಾಲ್ಕು ತೂಬಿನ ಐಸ್‌ಲ್ಯಾಂಡು

ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಜರಡಿ ಹಿಡಿದು ನೋಡಿ, ಐಸ್‌ಲ್ಯಾಂಡಿನ ಭಾಷೆ ಕಲಿತ ಮೊದಲನೆಯ ಮನುಷ್ಯ ನಾನೇ. ಎರಡನೆಯವನು ಇದ್ದರೆ ಬರಲಿ, ಕಾಫಿ ಕೊಡಿಸುತ್ತೇನೆ. ಇಷ್ಟು ವರ್ಷ ಕಾದಿದ್ದೇನೆ, ಒಬ್ಬನೂ ಬಂದಿಲ್ಲ.

ಅರವತ್ತರ ದಶಕದ ಮಾತು. ಪಾಲಹಳ್ಳಿ ಕಡೆಯ ಒಂದು ನಾಲೆಗೆ ನಾನು ನೀರುಗಂಟಿ. ಸರದಿ ಬಂದವರ ಗದ್ದೆಗೆ ತೂಬು ಎತ್ತಿ, ಹೊತ್ತು ಮುಗಿದ ಮೇಲೆ ಇಳಿಸುವುದು ನನ್ನ ಕೆಲಸ. ಒಟ್ಟು ಹದಿನಾಲ್ಕು ತೂಬು. ಮೊದಲನೆಯದರಲ್ಲಿ ನೀರು ಕುದುರೆಯ ಹಾಗೆ ನುಗ್ಗುತ್ತಿತ್ತು. ಹದಿನಾಲ್ಕನೆಯದಕ್ಕೆ ಮುದುಕನ ಹಾಗೆ ಕೋಲೂರಿಕೊಂಡು ಬರುತ್ತಿತ್ತು, ಬಂದರೆ. ಸುಳ್ಳು ಹೇಳುವುದರಲ್ಲಿ, ಮೀಸೆ ಬಿಡುವುದರಲ್ಲಿ ನನ್ನನ್ನು ಮೀರಿಸುವವರು ಆ ಸೀಮೆಯಲ್ಲಿ ಇರಲಿಲ್ಲ. ನನ್ನ ಮೀಸೆಯ ಎರಡು ತುದಿಯಲ್ಲೂ ನಿಂಬೆಹಣ್ಣು ನಿಲ್ಲುತ್ತಿತ್ತು. ಸಣ್ಣ ನಿಂಬೆಹಣ್ಣು ಅಂತಲೇ ಇಟ್ಟುಕೊಳ್ಳಿ.

ಕೆ.ಆರ್.ಎಸ್.ನಲ್ಲಿ ಬಸ್ಸು ನಿಲ್ಲುವ ಕಡೆ ಇದ್ದ ಹೋಟೆಲಿಗೆ ರಿಟೈರಾದ ಮೇಷ್ಟ್ರೊಬ್ಬರು ದಿನಾ ಬರುತ್ತಿದ್ದರು, ಕಂಕುಳಲ್ಲಿ ಸ್ಟಾಂಪಿನ ಆಲ್ಬಮ್ಮು. ಐಸ್‌ಲ್ಯಾಂಡಿನ ಒಬ್ಬ ಮುದಿ ಮೀನುಗಾರನಿಗೂ ಅವರಿಗೂ ಹದಿನೈದು ವರ್ಷದ ಸ್ನೇಹ. ಇಲ್ಲಿಂದ ಸ್ಟಾಂಪು ಹೋಗುತ್ತಿತ್ತು, ಅಲ್ಲಿಂದ ಸ್ಟಾಂಪು ಬರುತ್ತಿತ್ತು, ಜೊತೆಗೆ ಎರಡು ಸಾಲು ಇಂಗ್ಲಿಷು. ಇಲ್ಲಿ ಚಳಿ, ನಿಮ್ಮಲ್ಲಿ ಹೇಗೆ? ಇಲ್ಲಿ ಸೆಕೆ, ನಿಮ್ಮಲ್ಲಿ ಹೇಗೆ? ಇಷ್ಟೇ. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಆದರೂ ಕಾಗದ ಬಂದ ದಿನ ಮೇಷ್ಟ್ರು ಒಂದರ ಬದಲು ಎರಡು ಕಾಫಿ ಕುಡಿಯುತ್ತಿದ್ದರು.

ಒಂದು ದಿನ ಅವರು ತೋರಿಸಿದ ಸ್ಟಾಂಪಿನಲ್ಲಿ ನೆಲದೊಳಗಿಂದ ಬಿಸಿನೀರು ತೆಂಗಿನಮರದೆತ್ತರ ಚಿಮ್ಮುತ್ತಿತ್ತು. ನನ್ನ ನಾಲಿಗೆ ಸುಮ್ಮನಿದ್ದೀತೆ?

"ಈ ದೇಸದ ಬಾಸೆ ನಂಗ್ ಬತ್ತದೆ ಮೇಷ್ಟ್ರೆ," ಅಂದೆ.

"ಎಲ್ಲಿ, ಒಸಿ ಮಾತಾಡ್ಲಾ ನೋಡವಾ," ಅಂದ ಹೋಟೆಲಿನವನು.

ಬಾಯಿಗೆ ಬಂದದ್ದನ್ನು ಗೊಳಗೊಳ ಅಂತ ಆಡಿದೆ. ತಪ್ಪು ಅನ್ನುವವರು ಯಾರು? ಮೂರು ತಿಂಗಳು ಆ ಹೋಟೆಲಿನಲ್ಲಿ ನಾನೇ ಪಂಡಿತ. ಮೇಷ್ಟ್ರು ಮಾತ್ರ ಮುಗುಳ್ನಗುತ್ತಾ ಕಾಫಿ ಕುಡಿಯುತ್ತಿದ್ದರು. ಆಮೇಲೆ ಒಂದು ಬೆಳಿಗ್ಗೆ ಲೋಟ ಕೆಳಗಿಟ್ಟು ಹೇಳಿದರು:

"ನನ್ನ ಸ್ನೇಹಿತಂಗೆ ಬರೆದಿವ್ನಿ ಕಣಯ್ಯಾ. ಮುಂದಿನ ಕಾಗ್ದ ನಿಮ್ಮ ಬಾಸೇಲೇ ಬರೀರಿ, ನಮ್ಮಲ್ಲೊಬ್ಬ ಪಂಡಿತ ಅವ್ನೆ ಅಂತ. ಬಂದ್ ದಿನ ಇಲ್ಲೇ ಒಡೆಯೋದು. ನೀನು ಅರ್ಥ ಏಳ್ದೆ, ಸರಿ ಅದೆ ಅಂತ ಅವರೂ ಬರೆದ್ರು, ಗೆದ್ದೆ. ಇಲ್ದಿದ್ರೆ ಆ ಮೀಸೆ ಇಲ್ಲೇ ಬೋಳುಸ್ಕಬೇಕು."

ಹೋಟೆಲೆಲ್ಲಾ ಹೋ ಅಂದಿತು. ನಾನು ಮೀಸೆ ತಿರುವಿ ಒಪ್ಪಿಕೊಂಡೆ.

ಆ ಭಾಷೆ ಎಲ್ಲಿ ಸಿಗುತ್ತದೆ? ಮೈಸೂರಿನ ಒಂದು ಲೈಬ್ರರಿಯಲ್ಲಿ ಕೇಳಿದರೆ ಭೂಪಟ ತಂದುಕೊಟ್ಟರು. ನೀಲಿ ಸಮುದ್ರದಲ್ಲಿ ಹರಿದ ದೋಸೆಯ ಹಾಗೆ ದೇಶ ಬಿದ್ದಿತ್ತು, ಮಾತಾಡಲಿಲ್ಲ. ನಾಗಮಂಗಲದಲ್ಲಿ ಯುದ್ಧಕ್ಕೆ ಹೋಗಿ ಬಂದವನೊಬ್ಬನಿಗೆ ಬಿಳಿಯರ ಭಾಷೆಯೆಲ್ಲಾ ಬರುತ್ತದೆ ಅಂದರು. ಸೈಕಲ್ ತುಳಿದುಕೊಂಡು ಹೋದೆ. ಆರು ಮಾತು ಬಾಯಿಪಾಠ ಮಾಡಿಸಿ ಕಳಿಸಿದ. ಆರೂ ಇಟಲಿಯ ಬೈಗುಳ ಅಂತ ಎಷ್ಟೋ ದಿನದ ಮೇಲೆ ತಿಳಿಯಿತು; ಈಗಲೂ ಉಪಯೋಗಕ್ಕೆ ಬರುತ್ತವೆ. ಕೆ.ಆರ್. ಪೇಟೆಯ ಕಾಂಪೌಂಡರ್ ಒಬ್ಬರ ಮನೆಯಲ್ಲಿ ದೊಡ್ಡ ರೇಡಿಯೋ ಇತ್ತು. ಮುಳ್ಳು ತಿರುಗಿಸಿ ತಿರುಗಿಸಿ ಕೊನೆಗೆ ಸುಂಯ್ ಅನ್ನುವ ಸದ್ದು ಸಿಕ್ಕಿತು. "ಐಸ್ ದೇಸ ಅಲ್ವಾ, ಗಾಳಿ ಕಣಪ್ಪಾ ಅದು," ಅಂದರು ಅವರು. ನಂಬಿ ಒಂದು ಗಂಟೆ ಕಣ್ಣು ಮುಚ್ಚಿ ಕೇಳಿದೆ. ಸುಳ್ಳೇ ಇರಬಹುದು, ಆದರೆ ಅಷ್ಟು ಚೆನ್ನಾದ ಗಾಳಿಯನ್ನು ನಾನು ಮತ್ತೆ ಕೇಳಿಲ್ಲ.

ಕೊನೆಗೆ ಕಳ್ಳದಾರಿ ಹಿಡಿದೆ. ಮೇಷ್ಟ್ರ ಲಕೋಟೆಯ ಮೇಲಿನ ವಿಳಾಸ ನೋಡಿಕೊಂಡು, ನನ್ನ ಹೈಸ್ಕೂಲು ಇಂಗ್ಲಿಷಿನಲ್ಲಿ ಮೀನುಗಾರನಿಗೇ ಬರೆದೆ. ಆ ಪಂಡಿತ ನಾನೇ, ಒಂದಕ್ಷರ ಬರುವುದಿಲ್ಲ, ಮೀಸೆ ಉಳಿಸಿ, ನಾನು ಕಲಿಯುವ ತನಕ ಮೇಷ್ಟ್ರಿಗೆ ಉತ್ತರ ಬರೆಯಬೇಡಿ.

ಅವನೂ ನನ್ನ ಜಾತಿಯವನೇ, ಕುಚೇಷ್ಟೆಯ ಜಾತಿ. ಒಂದು ಪೊಟ್ಟಣ ಬಂತು. ಒಳಗೆ ಅವರ ಮಕ್ಕಳು ಓದುವ ಮೊದಲ ಪುಸ್ತಕ. ಪ್ರತಿ ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ ಇಂಗ್ಲಿಷ್ ಅರ್ಥ, ಹೇಗೆ ಉಚ್ಚರಿಸಬೇಕು ಅಂತ ಟಿಪ್ಪಣಿ. ಹೌದು ಅನ್ನುವುದಕ್ಕೆ 'ಯೌ' ಅನ್ನಬೇಕು, ಅದನ್ನೂ ಉಸಿರು ಒಳಗೆಳೆದುಕೊಂಡು, ಅಂತ ಬರೆದಿದ್ದ. ಅಭ್ಯಾಸ ಮಾಡುತ್ತಿದ್ದರೆ ಹೋಟೆಲಿನವನು ಗೂರಲು ಅಂದುಕೊಂಡು ತುಳಸಿ ಕಷಾಯ ಕೊಟ್ಟ. ಪುಸ್ತಕದ ಕೊನೆಯ ಹಾಳೆಯಲ್ಲಿ ಒಂದು ಪ್ರಶ್ನೆ: ಎಷ್ಟು ದಿನ ಬೇಕು? ಭತ್ತದ ಕುಯ್ಲಿನವರೆಗೆ ಅಂತ ಬರೆದು ಹಾಕಿದೆ.

ಕಲಿತದ್ದೆಲ್ಲಾ ನಾಲೆಯ ಏರಿಯ ಮೇಲೆ. ಒಂದೊಂದು ತೂಬಿಗೆ ಪುಸ್ತಕದ ಒಂದೊಂದು ಪುಟ ಮನಸ್ಸಿನಲ್ಲೇ ಕಟ್ಟಿದೆ. ಮೊದಲನೆಯ ತೂಬು ನೀರು, ವಾಟ್ನ್. ಮೂರನೆಯದು ಅಪ್ಪ, ಪಬ್ಬಿ. ಆರನೆಯದು ಹಸು. ಹದಿನಾಲ್ಕನೆಯದಕ್ಕೆ ಪುಸ್ತಕದ ಕೊನೆಯ ಪುಟ: ಮುದಿ ಕುದುರೆ ಸತ್ತುಹೋಯಿತು. ಸತ್ತ ಅನ್ನುವುದಕ್ಕೆ ಅವರು 'ದೋ' ಅನ್ನುತ್ತಾರೆ. ನೀರು ತಲುಪದ ಜಾಗಕ್ಕೆ ಸರಿಯಾದ ಮಾತು ಅಂತ ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ರೈತರನ್ನು ಬಿಟ್ಟೇನೆಯೆ? ಐಸ್‌ಲ್ಯಾಂಡಿನ ಭಾಷೆಯಲ್ಲಿ ಕೇಳದೆ ತೂಬು ಎತ್ತುವುದಿಲ್ಲ ಅಂತ ಆಟ ಕಟ್ಟಿದೆ.

"ನೀರ್ ಬುಡ್ಲಾ, ಒತ್ತಾಯ್ತು."

"ಏನು ಬೇಕು ಅಂತ ಸರ್ಯಾಗ್ ಕೇಳು."

"ತೂ ನಿನ್ ಮೀಸೆಗೆ ಬೆಂಕಿ ಆಕ! ವಾಟ್ನು ಬುಡಪ್ಪಾ ದೊರೆ, ವಾಟ್ನು!"

ಮಾಗಿಯ ಬೆಳಿಗ್ಗೆಗಳಲ್ಲಿ ನಾಲೆಯ ಮೇಲಿಂದ ಹಬೆ ಏಳುತ್ತಿತ್ತು. ಮಂಜಿನಲ್ಲಿ ಗದ್ದೆಯೂ ಇಲ್ಲ, ಊರೂ ಇಲ್ಲ. ಅಲ್ಲೆಲ್ಲೋ ಒಂದು ಹಸು ಕೊರಳು ಅಲ್ಲಾಡಿಸಿದರೆ ಗಂಟೆಯ ಸದ್ದು ಮಾತ್ರ. ಬರಿಗಾಲಲ್ಲಿ ನಡೆಯುತ್ತಾ ಆ ಮಾತುಗಳನ್ನು ಒಂದೊಂದಾಗಿ ಉಸಿರಿನಲ್ಲಿ ಬಿಡುತ್ತಿದ್ದೆ. ಅವು ಬಿಳಿಯಾಗಿ ಹೊರಬಂದು ಹಬೆಯಲ್ಲಿ ಸೇರಿಹೋಗುತ್ತಿದ್ದವು. ಇನ್ನೊಂದು ಹೆಜ್ಜೆ ಇಟ್ಟರೆ ಎದುರಿಗೆ ಸಮುದ್ರ, ದೋಣಿಯ ಮೇಲೆ ಕೂತು ಬಲೆ ಹೊಲಿಯುತ್ತಿರುವ ಆ ಮುದುಕ, ಬಂದೆಯಾ ಅಂತ ತಲೆ ಎತ್ತುತ್ತಾನೆ ಅನ್ನಿಸುತ್ತಿತ್ತು. ಆಮೇಲೆ ಬಿಸಿಲು ಬಂದು, ಪಾಲಹಳ್ಳಿ ಇದ್ದಲ್ಲೇ ಇರುತ್ತಿತ್ತು.

ಕುಯ್ಲು ಮುಗಿಯಿತು. ಕಾಗದ ಬಂತು.

ಹೋಟೆಲು ತುಂಬಿತ್ತು. ನನ್ನ ಕಡೆಗೆ ರೈತರು, ಬಾಗಿಲಲ್ಲಿ ಪೆಟ್ಟಿಗೆ ಹಿಡಿದ ಕ್ಷೌರಿಕ. ಮೇಷ್ಟ್ರು ಲಕೋಟೆಯನ್ನು ಒಂದು ಗಳಿಗೆ ಹಿಂದೆಮುಂದೆ ತಿರುಗಿಸಿ ನೋಡಿ, ನನ್ನ ಕೈಗೆ ಕೊಟ್ಟರು.

"ಓದ್ಲಾ! ನಮ್ ತೂಬಿನ ಮರ್ವಾದೆ!" ಅಂತ ಕೂಗಿದ ಒಬ್ಬ.

ಮೊದಲ ಸಾಲಿನಲ್ಲೇ ಮೂರನೆಯ ತೂಬು ಸಿಕ್ಕಿತು, ಪಬ್ಬಿ. ಅದರ ಪಕ್ಕದಲ್ಲೇ ಹದಿನಾಲ್ಕನೆಯದು, ದೋ. ಬರೆದವಳು ಮಗಳು. ಅಪ್ಪ ಶರತ್ಕಾಲದಲ್ಲಿ ತೀರಿಕೊಂಡರು. ಮುಂದಿನದು ಪೂರ್ತಿ ಸಿಗಲಿಲ್ಲ, ಆದರೆ ಸಿಕ್ಕಿದ್ದೇ ಸಾಕಾಯಿತು: ನಿಮಗೆ ಬರೆಯಬೇಕು ಅಂತಿದ್ದರು, ಅಲ್ಲಿ ಕುಯ್ಲಾಗುವವರೆಗೆ ಕಾಯಬೇಕು ಅಂತ ನಗುತ್ತಿದ್ದರು.

ಮುದುಕ ನನ್ನ ಮೀಸೆಗೋಸ್ಕರ ಕಾದಿದ್ದ. ಮೇಷ್ಟ್ರಿಗೆ ಬರಬೇಕಿದ್ದ ಕೊನೆಯ ಎರಡು ಸಾಲನ್ನು ನಾನು ತಡೆದಿದ್ದೆ.

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಓದಿದರೆ ಮೀಸೆ ಉಳಿಯುತ್ತದೆ. ಅಷ್ಟು ಜನದ ನಗುವಿನ ನಡುವೆ ಮೇಷ್ಟ್ರಿಗೆ ಆ ಸುದ್ದಿ ಸಿಗುತ್ತದೆ. ಕಾಗದ ಮಡಿಸಿ ಮೇಷ್ಟ್ರ ಕೈಗೇ ಕೊಟ್ಟೆ.

"ನಂಗ್ ಬರಾಕಿಲ್ಲ," ಅಂದೆ. "ಆಡಿದ್ದೆಲ್ಲಾ ಸುಳ್ಳು."

ರೈತರು ಹಣೆ ಚಚ್ಚಿಕೊಂಡರು. ಕ್ಷೌರಿಕ ಬಂದು ಎರಡು ಎಳೆತದಲ್ಲಿ ನನ್ನ ಕೀರ್ತಿಯನ್ನು ನೆಲಕ್ಕೆ ಬೀಳಿಸಿದ. ಮೇಲ್ದುಟಿಗೆ ಚಳಿ ಅನ್ನುವುದು ಏನು ಅಂತ ಅವತ್ತೇ ಗೊತ್ತಾದದ್ದು.

ಮಾರನೆಯ ಬೆಳಿಗ್ಗೆ ಹದಿನಾಲ್ಕನೆಯ ತೂಬಿನ ಕಟ್ಟೆಯ ಮೇಲೆ ಮೇಷ್ಟ್ರು ಕೂತಿದ್ದರು. ಅಷ್ಟು ದೂರ ಅವರು ಯಾವತ್ತೂ ನಡೆದು ಬಂದವರಲ್ಲ.

"ಯಾವಾಗ ತೀರ್ಕಂಡ್ರಂತೆ?" ಅಂದರು.

ನನ್ನ ಕೈ ಬೋಳು ಮೇಲ್ದುಟಿಗೆ ಹೋಯಿತು.

"ಅದಿನೈದ್ ವರ್ಸ ಅವರ ಕೈಬರಹ ನೋಡಿವ್ನಿ ಕಣಯ್ಯಾ. ಲಕೋಟೆ ಮೇಲೆ ಬ್ಯಾರೆ ಕೈ ನೋಡ್ದಾಗ್ಲೇ ಗೊತ್ತಾಯ್ತು. ನೀನು ಮಡಿಸ್ದಾಗ ಗಟ್ಟಿ ಆಯ್ತು." ಕಾಗದ ನನ್ನ ಮುಂದೆ ಹಿಡಿದರು. "ಈಗ ಓದು."

ಓದಿದೆ. ಕುಯ್ಲಿನ ಸಾಲನ್ನು ನುಂಗಿಬಿಡಬಹುದಾಗಿತ್ತು; ನುಂಗಲಿಲ್ಲ. ವಿಳಾಸ ಕದ್ದದ್ದು, ಕಾಯಿಸಿದ್ದು ಎಲ್ಲಾ ಹೇಳಿದೆ. ಅವರು ಕಾಗದ ಈಸಿಕೊಂಡು ಆ ಅಕ್ಷರಗಳ ಮೇಲೆ ಬೆರಳಾಡಿಸಿದರು. ನಾಲ್ಕು ಬೈದಿದ್ದರೆ ಹಗುರವಾಗುತ್ತಿತ್ತು.

"ನಗ್ತಿದ್ರು ಅಂತ ಬರೆದವ್ಳಾ?" ಅಂತ ಕೇಳಿದರು.

"ಊ ಮೇಷ್ಟ್ರೆ. ನಗ್ತಿದ್ರು ಅಂತಲೇ ಅದೆ."

"ಆ ಮಗೀಗೆ ಉತ್ತರ ಬರಿ ಮತ್ತೆ. ಅವಳ ಬಾಸೇಲೇ. ಅಲ್ಲೀವರ್ಗೂ ನನ್ ಮುಂದೆ ಮೀಸೆ ಬುಡ್ಬೇಡ."

ಮೂರು ವಾರ ಹಿಡಿಯಿತು. ದಿನಾ ಬೆಳಿಗ್ಗೆ ಮೇಷ್ಟ್ರು ಏರಿಗೆ ಬರುತ್ತಿದ್ದರು. ಮೊದಲನೆಯ ತೂಬಿನಿಂದ ಕೊನೆಯದರವರೆಗೆ ಇಬ್ಬರೂ ಮಾತು ಹೆಕ್ಕುತ್ತಾ ನಡೆಯುತ್ತಿದ್ದೆವು. ನಿಮ್ಮಪ್ಪ ಒಳ್ಳೆಯವರು, ಇಲ್ಲಿ ನೀರಿದೆ, ಮಂಜಿದೆ, ಇಬ್ಬರು ಸ್ನೇಹಿತರಿದ್ದಾರೆ ಅಂತ ಒಂದು ಪುಟ ಆಯಿತು. ನನ್ನ ಜನ್ಮದಲ್ಲಿ ಬರೆದ ಕಾಗದಗಳಲ್ಲಿ ಅಪ್ಪಟ ನಿಜ ಇದ್ದದ್ದು ಅದೊಂದೇ. ಸುಳ್ಳು ಸೇರಿಸುವಷ್ಟು ಮಾತು ಆ ಭಾಷೆಯಲ್ಲಿ ನನಗೆ ಇನ್ನೂ ಬರುತ್ತಿರಲಿಲ್ಲ.