ಜಪಾನಿನ ಅರ್ಜಿಯಲ್ಲಿ ನಮ್ಮ ಮಾಮಾ

ಕಳೆದ ವರ್ಷದ ಮಾತು. ಗೋಕಾಕದಲ್ಲಿ ಬಿ.ಎಸ್ಸಿ. ಓದುತ್ತಿದ್ದ ನನಗೆ ಒಂದು ಸೆಮಿಸ್ಟರ್ ಜಪಾನಿನ ವಿಶ್ವವಿದ್ಯಾಲಯದಲ್ಲಿ ಓದುವ ಅವಕಾಶ ಬಂತು. ಇಡೀ ಕಾಲೇಜಿಗೆ ಒಂದೇ ಸೀಟು. ಅರ್ಜಿ ಒಪ್ಪಿಗೆಯಾಗುವ ಮೊದಲೇ ಅವ್ವ ಮೂಡಲಗಿಯ ನಮ್ಮ ಓಣಿಯ ತುಂಬ ಸುದ್ದಿ ಹಬ್ಬಿಸಿಬಿಟ್ಟಳು.

ಅರ್ಜಿಗೆ ನೌಕರಿಯಲ್ಲಿರುವ ಒಬ್ಬರು ಜಾಮೀನು ನಿಲ್ಲಬೇಕಿತ್ತು. ಅಪ್ಪ ಬೇರೆಯವರ ಹೊಲದಲ್ಲಿ ದುಡಿಯುವವನು. ನಮ್ಮ ಬಳಗದಲ್ಲಿ ಪಗಾರ ಬರುವ ನೌಕರಿ ಇರುವುದು ಕಣಗಲಾದಲ್ಲಿ ಮಾಸ್ತರನಾಗಿರುವ ಮಾಮಾನಿಗೆ ಮಾತ್ರ. ಅವನು ಅವ್ವನ ಸ್ವಂತ ತಮ್ಮ. ನನ್ನ ಅಕ್ಕನನ್ನೇ ಮದುವೆಯಾಗಿದ್ದಾನೆ. ನಮ್ಮ ಕಡೆ ಇದು ಹೊಸದೇನಲ್ಲ. ನಾನು ಜಾಮೀನಿನ ಜಾಗದಲ್ಲಿ ‘ತಾಯಿಯ ತಮ್ಮ’ ಎಂದೂ, ತುರ್ತು ಸಂಪರ್ಕದ ಜಾಗದಲ್ಲಿ ‘ಅಕ್ಕನ ಗಂಡ’ ಎಂದೂ ಅವನ ಹೆಸರನ್ನೇ ಬರೆದು ಕಳಿಸಿದೆ.

ನಾಲ್ಕೇ ದಿನಕ್ಕೆ ಜಪಾನಿನಿಂದ ಮೇಲ್ ಬಂತು. ‘ಒಬ್ಬರೇ ವ್ಯಕ್ತಿಗೆ ಎರಡು ಸಂಬಂಧ ಬರೆದಿದ್ದೀರಿ. ಯಾವುದು ಸರಿ?’ ಎರಡೂ ಸರಿಯೇ! ಅವ್ವನನ್ನು ಕೇಳಿದರೆ, “ಅದರಾಗ ತಿಳೀಲಾರದ್ದ ಏನೈತಿ ಅವರಿಗೆ?” ಎಂದಳು. ಕಾಲೇಜಿನ ಸರ್ ಹೇಳಿದರೆಂದು ಒಂದನ್ನು ತೆಗೆದು ಮತ್ತೆ ಕಳಿಸಿದೆ. ‘ಹಾಗಾದರೆ ಮೊದಲು ಬರೆದದ್ದು ಸುಳ್ಳೇ?’ ಎಂದು ಇನ್ನೊಂದು ಮೇಲ್! ಕೊನೆಗೆ ಅಲ್ಲಿಯವರು, ‘ಜಾಮೀನುದಾರರನ್ನು ಕೂರಿಸಿಕೊಂಡು ವಿಡಿಯೋ ಕರೆಯಲ್ಲಿ ವಿವರಿಸಿ, ಅಲ್ಲಿಯತನಕ ಅರ್ಜಿ ಮುಂದೆ ಹೋಗದು’ ಎಂದು ಬರೆದರು.

ಕಣಗಲಾಕ್ಕೆ ಓಡಿದೆ. ಮಾಮಾ ಇಸ್ತ್ರಿ ಅಂಗಿ ತೊಟ್ಟು, ಗ್ರೂಪ್ ಫೋಟೋಕ್ಕೆ ಕುಳಿತವನಂತೆ ಬಿಗಿಯಾಗಿ ಕುಳಿತ. ಅತ್ತ ವಿಶ್ವವಿದ್ಯಾಲಯದ ಕಚೇರಿಯ ಹೆಂಗಸು ತುಂಬ ವಿನಯದವರು. ಮಾತೆಲ್ಲ ಇಂಗ್ಲಿಷಿನಲ್ಲಿ. ನಾನು ಹಾಳೆಯ ಮೇಲೆ ಅಜ್ಜಿ, ಕೆಳಗೆ ಅವ್ವ ಮತ್ತು ಮಾಮಾ, ಅವ್ವನ ಕೆಳಗೆ ಅಕ್ಕ ಮತ್ತು ನನ್ನ ಹೆಸರು ಬರೆದೆ. ಆಮೇಲೆ ಅಕ್ಕನಿಂದ ಮಾಮಾನಿಗೆ ಒಂದು ಓರೆ ಗೆರೆ ಎಳೆದು ತೋರಿಸಿದೆ. ಅವರು ಆ ಗೆರೆಯನ್ನೇ ಬಹಳ ಹೊತ್ತು ನೋಡಿದರು. “ಅರ್ಥವಾಯಿತು. ನಿಮ್ಮದು ತಪ್ಪಿಲ್ಲ,” ಎಂದರು. ನನಗೆ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ಅಕ್ಕ ಚಹಾ ತಂದಳು. ಆಕೆಯನ್ನು ನೋಡಿ ಅವರು, “ನಿಮ್ಮ ಅಕ್ಕನಿಗೆ ಮುಂದೆ ಓದುವ ಆಸೆ ಇರಲಿಲ್ಲವೇ? ಕೇಳಿ ಹೇಳುತ್ತೀರಾ?” ಎಂದರು. ನಾನು ಕನ್ನಡದಲ್ಲಿ ಕೇಳಿದೆ. ಅಕ್ಕ ಒಮ್ಮೆ ಮಾಮಾನ ಕಡೆ ನೋಡಿದಳು.

“ಇತ್ತು ಅಂತ ಹೇಳ. ಇಷ್ಟ ದಿನ ನನ್ನ ಯಾರೂ ಕೇಳಿರ್ಲಿಲ್ಲ ಅಂತನೂ ಹೇಳ.”

ಮಾಮಾ ತಲೆ ತಗ್ಗಿಸಿದ. ಈಗ ತಾನೇ ಬಿಡಿಸಿದ ಗಂಟು ಮತ್ತೆ ಬಿಗಿದರೆ? ಸೀಟು ಹೋದರೆ? ಇಂಗ್ಲಿಷಿನಲ್ಲಿ, “ಇರಲಿಲ್ಲವಂತೆ. ಆಕೆ ಇಲ್ಲಿ ಸುಖವಾಗಿದ್ದಾಳೆ,” ಎಂದುಬಿಟ್ಟೆ.

ಅಕ್ಕ ಪಿ.ಯು.ಸಿ.ಯಲ್ಲಿ ಇಂಗ್ಲಿಷಿಗೆ ಇಡೀ ಕ್ಲಾಸಿಗೇ ಮೊದಲಿದ್ದವಳು. ಅದು ಆ ಗಳಿಗೆಯಲ್ಲಿ ನನಗೆ ನೆನಪಾಗಲಿಲ್ಲ. ಆಕೆ ನನ್ನನ್ನೇ ನೋಡಿದಳು. ಚಹಾದ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಸೀಟು ಸಿಕ್ಕಿತು. ಬರುವ ತಿಂಗಳು ಹೊರಡುತ್ತೇನೆ. ಅಕ್ಕ ದಿನಾ ಫೋನ್ ಮಾಡಿ, ಅಲ್ಲಿಗೆ ಸ್ವೆಟರ್ ಎಷ್ಟು ಬೇಕು, ಚಟ್ನಿಪುಡಿ ಒಯ್ಯಲು ಬಿಡುತ್ತಾರೋ ಇಲ್ಲವೋ ಎಂದು ವಿಚಾರಿಸುತ್ತಾಳೆ. ಆ ದಿನದ ಮಾತು ಮಾತ್ರ ಎತ್ತುವುದಿಲ್ಲ. ನಾನೂ ಎತ್ತಿಲ್ಲ. ತಪ್ಪಾಯಿತು ಎನ್ನಲು ಬಾಯಿ ತೆರೆದಾಗಲೆಲ್ಲ ಸ್ವೆಟರಿನ ಬಣ್ಣ ಹೇಳಿ ಫೋನ್ ಇಡುತ್ತೇನೆ.